ಇಂದಿನ ಧಮ್ಮ ಚಿಂತನೆ: ಅಳಿಲಿಗೆ ಮಾಡುವ ಸೇವೆ

ಗಾಯಗೊಂಡ ಅಳಿಲನ್ನು, ಗೂಡಿನಿಂದ ಬಿದ್ದು ತಾಯಿ ತಪ್ಪಿದ ಅಳಿಲಿನ ಮರಿಯನ್ನು ಎತ್ತಿಕೊಂಡು ಉಳಿಸುವುದು ನಮ್ಮ ಕೆಲಸವೇ? ನಮಗೆ ಅದಕ್ಕಿಂತ ದೊಡ್ಡ ಕೆಲಸಗಳಿಲ್ಲವೇ? ಇವತ್ತು ಈ ಪ್ರಶ್ನೆಯನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ನೋಡಲು ಚಿಕ್ಕ ಪ್ರಶ್ನೆ. ಆದರೆ ಉತ್ತರ ಹುಡುಕುತ್ತಾ ಹೋದರೆ ಬಾಬಾಸಾಹೇಬರು ನಮಗೆ ಕೊಟ್ಟ ಧಮ್ಮದ ನಡುಮನೆಗೇ ಬಂದು ನಿಲ್ಲುತ್ತೇವೆ.

ಈ ಪ್ರಶ್ನೆ ನನ್ನ ಕಿವಿಗೆ ಎರಡು ಕಡೆಯಿಂದ ಬಿದ್ದಿದೆ. ಒಂದು ನಮ್ಮವರಿಂದಲೇ. ಬಳಗದಲ್ಲಿ ಮೈತ್ರಿಯ ವಿಷಯ ಓದುತ್ತಿದ್ದಾಗ ಹಿರಿಯರೊಬ್ಬರು ಹೇಳಿದರು: "ನೋಡಮ್ಮ, ನಮ್ಮಪ್ಪನ ಕಾಲದಲ್ಲಿ ಊರ ಬಾವಿ ಹತ್ರ ನಾಯಿ ಹೋಗಬಹುದಿತ್ತು, ನಾವು ಹೋಗೋ ಹಾಗಿರಲಿಲ್ಲ. ಇವತ್ತಿಗೂ ನಮ್ಮ ಮಕ್ಕಳಿಗೆ ನ್ಯಾಯ ಪೂರ್ತಿ ಸಿಕ್ಕಿಲ್ಲ. ಮೊದಲು ಮನುಷ್ಯರದ್ದು ನೋಡೋಣ. ಅಳಿಲು, ಗುಬ್ಬಚ್ಚಿ ಎಲ್ಲ ಹೊಟ್ಟೆ ತುಂಬಿದವರು ನೋಡ್ಕೊಳ್ಲಿ."

ಇನ್ನೊಂದು ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ. ಸಹೋದ್ಯೋಗಿಯೊಬ್ಬರು ನಗುತ್ತಲೇ ಕೇಳಿದರು: "ಭಾನುವಾರ ಬಾಡೂಟ, ಸೋಮವಾರ ಅಳಿಲಿನ ಮೇಲೆ ಕರುಣೆ. ಇದ್ಯಾವ ಬೌದ್ಧ ಧರ್ಮ ಮೇಡಂ?" ಆ ನಗುವಿನ ಅಡಿಯಲ್ಲಿ ಏನಿದೆ ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಮೊದಲು ಹಿರಿಯರ ಮಾತು. ಅದರಲ್ಲಿ ನೋವಿದೆ, ಸತ್ಯವೂ ಇದೆ. ಇರುವೆ ಗೂಡಿಗೆ ಸಕ್ಕರೆ ಹಾಕಿದ ಕೈಗಳು, ಹುತ್ತಕ್ಕೆ ಹಾಲೆರೆದ ಕೈಗಳು, ಬಾಯಾರಿ ಬಂದ ಮನುಷ್ಯನಿಗೆ ಮೇಲಿಂದ ನೀರು ಸುರಿದವು. ಪ್ರಾಣಿದಯೆ ಈ ದೇಶದಲ್ಲಿ ಯಾವತ್ತೂ ಕಡಿಮೆ ಇರಲಿಲ್ಲ. ಕಡಿಮೆ ಇದ್ದದ್ದು ಮನುಷ್ಯರ ನಡುವಿನ ಬಂಧುತ್ವ. ಇಂದಿಗೂ ನೋಡಿ, ಕರೆಂಟ್ ತಂತಿಗೆ ಪಾರಿವಾಳ ಸಿಕ್ಕಿಕೊಂಡರೆ ಬೀದಿಯೇ ಸೇರುತ್ತದೆ. 2013ರ ಕಾಯ್ದೆ ಬಂದ ಮೇಲೂ ಮ್ಯಾನ್‌ಹೋಲ್‌ಗೆ ಇಳಿದು ಉಸಿರುಗಟ್ಟಿ ಸಾಯುವ ಮನುಷ್ಯನ ಸುದ್ದಿ ಪತ್ರಿಕೆಯ ಒಳಪುಟದ ಮೂಲೆಯಲ್ಲಿರುತ್ತದೆ. ಹೀಗಿರುವಾಗ ನಮ್ಮವರಿಗೆ 'ಪ್ರಾಣಿದಯೆ' ಎಂಬ ಪದ ಕೇಳಿದರೆ ಮೈ ಉರಿಯುವುದು ಸಹಜ.

ಆದರೆ ಆ ಸಿಟ್ಟಿನಿಂದ ಬಾಬಾಸಾಹೇಬರು ಯಾವ ತೀರ್ಮಾನಕ್ಕೆ ಬಂದರು ಎಂಬುದನ್ನು ಗಮನಿಸಬೇಕು. 1927ರ ಮಾರ್ಚ್ 20ರಂದು ಮಹಾಡ್‌ನ ಚವದಾರ್ ಕೆರೆಯ ನೀರನ್ನು ಅವರು ಬೊಗಸೆಯಲ್ಲಿ ಎತ್ತಿ ಕುಡಿದರು. ದನಕರು, ಹಕ್ಕಿಪಕ್ಷಿ ಕುಡಿಯಬಹುದಾದ ಕೆರೆಯ ನೀರನ್ನು ಮನುಷ್ಯರಾದ ನಮಗೆ ಏಕೆ ನಿರಾಕರಿಸುತ್ತೀರಿ ಎಂಬುದು ಆ ಹೋರಾಟದ ಪ್ರಶ್ನೆಯಾಗಿತ್ತು. ಇನ್ನು ಮೇಲೆ ದನಕರು ಈ ಕೆರೆಗೆ ಬರಬಾರದು ಎಂದು ಅವರು ಹೇಳಲಿಲ್ಲ. ನಾವೂ ಕುಡಿಯಬೇಕು ಎಂದರು. ಇಲ್ಲಿರುವ ವ್ಯತ್ಯಾಸ ದೊಡ್ಡದು. ನಮಗೆ ಸಿಗದ ನೀರನ್ನು ಇನ್ನೊಂದು ಜೀವದಿಂದ ಕಿತ್ತುಕೊಳ್ಳುವುದು ನ್ಯಾಯವಲ್ಲ. ಕೆರೆಯ ದಡದಲ್ಲಿ ಎಲ್ಲರಿಗೂ ಜಾಗ ಮಾಡುವುದು ನ್ಯಾಯ.

ಇದೇ ದಾರಿಯಲ್ಲಿ ನಡೆದು 29 ವರ್ಷಗಳ ನಂತರ, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಲಕ್ಷಾಂತರ ಜನರಿಗೆ 22 ಪ್ರತಿಜ್ಞೆಗಳನ್ನು ಬೋಧಿಸಿದರು. ಮೊದಲ ಪ್ರತಿಜ್ಞೆಗಳೆಲ್ಲ ನಮಗೆ ಬಾಯಿಪಾಠ. 13ನೆಯದನ್ನು ಮಾತ್ರ ವೇಗವಾಗಿ ಹೇಳಿ ಮುಂದೆ ಹೋಗುತ್ತೇವೆ. ಎಲ್ಲ ಜೀವಿಗಳಿಗೂ ದಯೆ ತೋರಿ ಅವುಗಳನ್ನು ಪಾಲಿಸುತ್ತೇನೆ ಎಂಬುದು ಅದರ ಸಾರ. ಊರಾಚೆ ಇಟ್ಟ ಜನರ ಕೈಯಲ್ಲಿ, ದೀಕ್ಷೆ ಪಡೆದ ಮೊದಲ ದಿನವೇ, ಅವರು ಈ ಮಾತನ್ನು ಏಕೆ ಹೇಳಿಸಿದರು? ನಮಗೆ ನ್ಯಾಯ ಸಿಕ್ಕಿದ ಮೇಲೆ ದಯೆ ಕಲಿತರಾಯಿತು ಎಂದು ಮುಂದಕ್ಕೆ ಹಾಕಬಹುದಿತ್ತು. ಹಾಕಲಿಲ್ಲ. ದಯೆ ತೋರುವುದಕ್ಕೂ ಒಂದು ಅಧಿಕಾರ ಬೇಕು, ಒಂದು ಎತ್ತರ ಬೇಕು. ಶತಮಾನಗಳ ಕಾಲ ನಾವು ದಯೆಯನ್ನು ಕೈಚಾಚಿ ಪಡೆಯುವವರಾಗಿದ್ದೆವು. ಅವತ್ತು ಅವರು ನಮ್ಮನ್ನು ದಯೆ ಕೊಡುವವರ ಸಾಲಿನಲ್ಲಿ ನಿಲ್ಲಿಸಿದರು.

'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಅವರು ಕರುಣೆಗೂ ಮೈತ್ರಿಗೂ ಇರುವ ಅಂತರವನ್ನು ವಿವರಿಸುತ್ತಾರೆ. ಕರುಣೆ ಮನುಷ್ಯರ ಮೇಲಿನ ಪ್ರೀತಿ. ಬುದ್ಧರು ಅಲ್ಲಿಗೇ ನಿಲ್ಲದೆ ಮೈತ್ರಿಯನ್ನು ಬೋಧಿಸಿದರು. ಮೈತ್ರಿ ಎಂದರೆ ಜೀವವಿರುವ ಎಲ್ಲದರ ಮೇಲಿನ ಪ್ರೀತಿ. ಕರುಣೆಯನ್ನು ದಾಟಿಯೇ ಮೈತ್ರಿಗೆ ಹೋಗಬೇಕು. ಮನುಷ್ಯನನ್ನು ಹೊರಗಿಟ್ಟು ಇರುವೆಗೆ ಸಕ್ಕರೆ ಹಾಕಿದವರು ಈ ಮೆಟ್ಟಿಲನ್ನೇ ಹತ್ತಿರಲಿಲ್ಲ. ನಾವು ಮನುಷ್ಯನ ಬಳಿಯೇ ನಿಂತುಬಿಟ್ಟರೆ ನಮ್ಮ ನಡಿಗೆಯೂ ಅರ್ಧಕ್ಕೇ ನಿಲ್ಲುತ್ತದೆ.

ಹಿರಿಯರ ಮಾತಿನಲ್ಲಿ ಒಂದು ಲೆಕ್ಕವಿದೆ: ಅಳಿಲಿಗೆ ಕೊಟ್ಟ ದಯೆ ಮನುಷ್ಯನ ಪಾಲಿನಿಂದ ಕಡಿಮೆಯಾಗುತ್ತದೆ ಎಂಬ ಲೆಕ್ಕ. ದಯೆ ರೇಷನ್ ಅಕ್ಕಿಯಲ್ಲ, ಇವರಿಗೆ ಅಳೆದರೆ ಅವರಿಗೆ ಕಡಿಮೆಯಾಗಲು. ಮಗುವಿಗೆ ಜ್ವರ ಬಂದಿದೆ, ಅಂಗಳದಲ್ಲಿ ಅಳಿಲು ಬಿದ್ದಿದೆ ಎಂದಾದರೆ ಮೊದಲು ಮಗುವನ್ನೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಅನುಮಾನವೇ ಬೇಡ. ಆದರೆ ಬದುಕಿನಲ್ಲಿ ಅಂಥ ಇಕ್ಕಟ್ಟು ಎಷ್ಟು ಸಲ ಬರುತ್ತದೆ? ಸಾಮಾನ್ಯವಾಗಿ ನಾವು ಅಳಿಲನ್ನು ಬಿಟ್ಟು ಹೋಗುವುದು ಮನುಷ್ಯರ ಸೇವೆಗಾಗಿ ಅಲ್ಲ, ಮೊಬೈಲ್ ನೋಡುವುದಕ್ಕೆ.

ಇನ್ನು ಬಾಡೂಟದ ಪ್ರಶ್ನೆ. ಇದಕ್ಕೆ ನಾಚಿ ತಲೆತಗ್ಗಿಸಬೇಕಿಲ್ಲ, ಸಿಟ್ಟಿನಿಂದ ಕೂಗಾಡಬೇಕಾಗಿಯೂ ಇಲ್ಲ. ಬಾಬಾಸಾಹೇಬರು ಅದೇ ಗ್ರಂಥದಲ್ಲಿ ಅಹಿಂಸೆಯನ್ನು ವಿವರಿಸುವಾಗ, ಬುದ್ಧರಿಗೆ ಅಹಿಂಸೆ ಒಂದು ತತ್ವವಾಗಿತ್ತು, ಕಟ್ಟುನಿಟ್ಟಿನ ನಿಯಮವಾಗಿರಲಿಲ್ಲ ಎನ್ನುತ್ತಾರೆ. ಕೊಲ್ಲುವ ಅಗತ್ಯ ಬೇರೆ, ಕೊಲ್ಲುವ ಇಚ್ಛೆ ಬೇರೆ. ಬಡವನ ತಟ್ಟೆಯ ಆಹಾರವನ್ನೂ ಮೋಜಿಗಾಗಿ ಚಾಟರಬಿಲ್ಲಿನಿಂದ ಅಳಿಲಿಗೆ ಕಲ್ಲು ಹೊಡೆಯುವುದನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಧಮ್ಮವಲ್ಲ. ತಟ್ಟೆ ನೋಡಿ ಮನುಷ್ಯನನ್ನು ಅಳೆಯುವ ಚಾಳಿ ಎಲ್ಲಿಂದ ಬಂತು ಎಂಬುದು ನಮಗೆ ಗೊತ್ತಿದೆ.

ಹಾಗೆಂದು ಈ ತತ್ವ ನಮಗೆ ಸಿಕ್ಕ ರಜಾ ಚೀಟಿಯೂ ಅಲ್ಲ. ನಿಯಮವಾದರೆ ಪಾಲಿಸಿದೆನೋ ಇಲ್ಲವೋ ಎಂದು ನೋಡಿ ಮುಗಿಸಬಹುದು. ತತ್ವ ಹಾಗಲ್ಲ. ಪ್ರತಿ ಸಲವೂ ನಮ್ಮನ್ನೇ ಕೇಳುತ್ತದೆ: ಈ ನೋವು ಅಗತ್ಯವಾಗಿತ್ತೇ? ಇದನ್ನು ತಪ್ಪಿಸಲು ನಿನ್ನ ಕೈಲಿ ಏನಾದರೂ ಆಗುತ್ತಿತ್ತೇ? ಮರದಿಂದ ಬಿದ್ದ ಮರಿಯ ಮುಂದೆ ನಿಂತಾಗ ಈ ಎರಡನೆಯ ಪ್ರಶ್ನೆ ನೇರವಾಗಿ ನಮ್ಮ ಎದೆಗೇ ಬರುತ್ತದೆ. ನಿನ್ನೆ ಏನು ಉಂಡೆ ಎಂಬುದು ಆಗ ಉತ್ತರವಾಗುವುದಿಲ್ಲ.

ಈಗ ಅಳಿಲಿನ ಬಳಿಗೇ ಬರೋಣ. ಕನ್ನಡದಲ್ಲಿ 'ಅಳಿಲು ಸೇವೆ' ಎಂಬ ಮಾತಿದೆ. ಸೇತುವೆ ಕಟ್ಟುವಾಗ ಮರಳು ಹೊತ್ತ ಅಳಿಲಿನ ಬೆನ್ನನ್ನು ರಾಮ ಸವರಿದ, ಆ ಬೆರಳಿನ ಗುರುತೇ ಮೂರು ಗೆರೆ ಎಂಬ ಕಥೆ ಎಲ್ಲರಿಗೂ ಗೊತ್ತು. ವಾಲ್ಮೀಕಿ ರಾಮಾಯಣದಲ್ಲಿ ಈ ಪ್ರಸಂಗವಿಲ್ಲ, ಜನರ ಬಾಯಲ್ಲಿ ಬೆಳೆದದ್ದು. ಗೆರೆಗಳಿಗೆ ಯಾರ ಬೆರಳೂ ಬೇಕಿಲ್ಲ. ನಮ್ಮ ಕಡೆಯ ಅಳಿಲಿಗೆ ಮೂರು ಗೆರೆ, ಉತ್ತರ ಭಾರತದ ಅಳಿಲಿಗೆ ಐದು. ಅಮೆರಿಕದ ಚಿಪ್‌ಮಂಕ್ ಎಂಬ ಅಳಿಲಿನ ಜಾತಿಗೂ ಬೆನ್ನ ಮೇಲೆ ಗೆರೆಗಳಿವೆ.

ಕಥೆ ಸುಳ್ಳೋ ನಿಜವೋ ಎಂಬುದಕ್ಕಿಂತ, ಅದು ಮಕ್ಕಳ ಮನಸ್ಸಿಗೆ ಏನು ಕಲಿಸುತ್ತದೆ ಎಂಬುದನ್ನು ಕನ್ನಡ ಪಾಠ ಮಾಡುವ ನಾನು ಯೋಚಿಸುತ್ತೇನೆ. ಚಿಕ್ಕವನು ದೊಡ್ಡವನ ಸೇವೆ ಮಾಡಬೇಕು, ದೊಡ್ಡವನು ಬೆನ್ನು ಸವರಿದರೆ ಅದೇ ಭಾಗ್ಯ, ಆ ಗುರುತನ್ನು ವಂಶಪೂರ್ತಿ ಹೊತ್ತು ತಿರುಗಬೇಕು. ಈ ಪಾಠ ನಮಗೆ ಹೊಸದಲ್ಲ. ನಮ್ಮ ಅಜ್ಜ ಅಜ್ಜಿಯರ ಬೆನ್ನು ಸವರಿದವರೂ ಇದ್ದರು. ಜೀತ ಮಾಡಿಸಿಕೊಂಡು ಹಬ್ಬಕ್ಕೆ ಹಳೇ ಬಟ್ಟೆ ಕೊಟ್ಟವರಿದ್ದರು. ಹೊಸ ಹೆಸರಿಟ್ಟು, ನಿಮ್ಮನ್ನು ನಾವೇ ಉದ್ಧಾರ ಮಾಡುತ್ತೇವೆ ಎಂದವರಿದ್ದರು. ಬಾಬಾಸಾಹೇಬರು ಆ ಸವರುವಿಕೆಯನ್ನು ಒಪ್ಪಲಿಲ್ಲ. ನಮಗೆ ಅನುಕಂಪ ಬೇಡ, ಹಕ್ಕು ಬೇಕು ಎಂಬುದು ಅವರ ಬದುಕಿನ ಉದ್ದಕ್ಕೂ ನಡೆದ ವಾದ.

ಈ ಗಾದೆಯನ್ನೇ ತಿರುಗಿಸಿ ನೋಡೋಣ. ಅಳಿಲು ಯಾರಿಗೋ ಮಾಡಿದ ಸೇವೆ ಬೇಡ, ನಾವು ಅಳಿಲಿಗೆ ಮಾಡುವ ಸೇವೆ ಹೇಗಿರಬೇಕು? ಬೆನ್ನು ಸವರುವ ದಯೆಯ ರುಚಿಯನ್ನು ಉಂಡ ನಮಗೆ, ಸವರದೆ ಸಹಾಯ ಮಾಡುವುದು ಹೇಗೆ ಎಂಬುದು ಬೇರೆಯವರಿಗಿಂತ ಚೆನ್ನಾಗಿ ತಿಳಿಯಬೇಕು. ನನಗೆ ಕಂಡಂತೆ ಅದರಲ್ಲಿ ಮೂರು ಮಾತಿವೆ.

ಮೊದಲನೆಯದು, ತಿಳಿದು ಮಾಡುವುದು. ಬಾಬಾಸಾಹೇಬರು ಪ್ರಜ್ಞೆ ಮತ್ತು ಕರುಣೆಯನ್ನು ಜೊತೆಯಲ್ಲೇ ಹೇಳುತ್ತಿದ್ದರು. ಪ್ರಜ್ಞೆ ಇಲ್ಲದ ಕರುಣೆ ಜೀವ ತೆಗೆಯುತ್ತದೆ ಎಂಬುದಕ್ಕೆ ಅಳಿಲಿನ ಮರಿಯೇ ಸಾಕ್ಷಿ. ಅಯ್ಯೋ ಪಾಪ ಎಂದು ಜನ ಮೊದಲು ಮಾಡುವ ಕೆಲಸ ಲೋಟದಲ್ಲಿ ಹಸುವಿನ ಹಾಲು ತಂದು ಬಾಯಿಗೆ ಬಿಡುವುದು. ಹಸುವಿನ ಹಾಲು ಮರಿಗೆ ಹಿಡಿಸುವುದಿಲ್ಲ, ಭೇದಿಯಾಗಿ ಸೊರಗುತ್ತದೆ. ಮೈ ತಣ್ಣಗಿರುವ ಮರಿಗೆ ಏನನ್ನೂ ಕುಡಿಸಬಾರದು, ಅದಕ್ಕೆ ಜೀರ್ಣಿಸಿಕೊಳ್ಳುವ ಶಕ್ತಿ ಇರುವುದಿಲ್ಲ. ಮೊದಲು ಬೇಕಾದದ್ದು ಶಾಖ. ಗಾಳಿಯಾಡುವ ರಟ್ಟಿನ ಡಬ್ಬದಲ್ಲಿ ಹಳೆಯ ಮೆತ್ತನೆ ಹತ್ತಿಬಟ್ಟೆ ಹಾಸಿ, ಬೆಚ್ಚಗಿನ ನೀರು ತುಂಬಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಒಂದು ಬದಿಗೆ ಇಟ್ಟರೆ ಸಾಕು. ಶಾಖ ಹೆಚ್ಚಾದರೆ ಮರಿ ಸರಿದುಕೊಳ್ಳಲು ಇನ್ನೊಂದು ಬದಿ ಖಾಲಿ ಇರಲಿ.

ಎರಡನೆಯದು, ಅದನ್ನು ಅದರವರ ಬಳಿಗೆ ಸೇರಿಸುವುದು. ಮನುಷ್ಯನ ಕೈ ತಾಗಿದರೆ ತಾಯಿ ಮರಿಯನ್ನು ಮುಟ್ಟುವುದಿಲ್ಲ ಎಂಬ ನಂಬಿಕೆ ಊರೂರಲ್ಲಿದೆ. ಅದು ತಪ್ಪು. ಮುಟ್ಟಿದರೆ ಮೈಲಿಗೆ ಎಂಬ ಕಾಯಿಲೆ ಮನುಷ್ಯರದ್ದು, ಅಳಿಲಿನದ್ದಲ್ಲ. ಮರಿಗೆ ಗಾಯವಿಲ್ಲದಿದ್ದರೆ, ಮೈ ಬೆಚ್ಚಗಿದ್ದರೆ, ಡಬ್ಬವನ್ನು ಅದೇ ಮರದ ಕೊಂಬೆಗೋ ಕಾಂಡಕ್ಕೋ ಕಟ್ಟಿ ದೂರ ಸರಿಯಬೇಕು. ಬೆಕ್ಕು, ಕಾಗೆ ಬಾರದಂತೆ ದೂರದಿಂದಲೇ ಕಾಯಬೇಕು. ತಾಯಿ ಬದುಕಿದ್ದರೆ ಹಗಲಿನಲ್ಲಿ ಹುಡುಕಿಕೊಂಡು ಬರುವುದೇ ಹೆಚ್ಚು. ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಬೇರೆ ಗೂಡಿಗೆ ಸಾಗಿಸುತ್ತಾಳೆ. ಪೊದೆಬಾಲ ಬೆಳೆಸಿಕೊಂಡು, ನಮ್ಮನ್ನು ಕಂಡು ಓಡುವ ಎಳೆ ಅಳಿಲು ಅನಾಥವೇ ಅಲ್ಲ. ಅದನ್ನು ಹಿಡಿಯದಿರುವುದೇ ಅದಕ್ಕೆ ಮಾಡುವ ಉಪಕಾರ.

ಸಂಜೆಯಾದರೂ ತಾಯಿ ಬಾರದಿದ್ದರೆ, ಅಥವಾ ಗಾಯವಾಗಿದ್ದರೆ, ತಿಳಿದವರ ಕೈಗೆ ಒಪ್ಪಿಸಬೇಕು. ಬೆಕ್ಕು ಕಚ್ಚಿದ ಗಾಯ ಸೂಜಿಮೊನೆಯಷ್ಟೇ ಕಂಡರೂ ಒಳಗೆ ನಂಜಾಗುತ್ತದೆ, ಅವತ್ತೇ ಪಶುವೈದ್ಯರಿಗೆ ತೋರಿಸಬೇಕು. ಊರಿನ ಪಶು ಆಸ್ಪತ್ರೆಯನ್ನೋ ಅರಣ್ಯ ಇಲಾಖೆಯವರನ್ನೋ ಕೇಳಬಹುದು. ಬೆಂಗಳೂರಿನವರಿಗೆ ಕೆಂಗೇರಿಯ ಕಡೆ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆ ಇದೆ. ವೈದ್ಯರು ಹೇಳಿದ ಹಾಲಿನ ಪುಡಿಯನ್ನು ಕುಡಿಸಬೇಕಾಗಿ ಬಂದರೆ, ಮರಿಯನ್ನು ಅಂಗಾತ ಮಲಗಿಸಬಾರದು. ಹೊಟ್ಟೆ ಕೆಳಗಾಗಿ, ತಲೆ ತುಸು ಮೇಲಾಗಿ ಹಿಡಿದು, ಸೂಜಿ ತೆಗೆದ ಚಿಕ್ಕ ಸಿರಿಂಜಿನಿಂದ ಹನಿಹನಿಯಾಗಿ ಕೊಡಬೇಕು. ಇಲ್ಲದಿದ್ದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಕಣ್ಣು ಬಿಡದ ಮರಿ ತಾನಾಗಿ ಮೂತ್ರ ಮಾಡಲಾರದು. ತಾಯಿ ನೆಕ್ಕುವಂತೆ ನಾವು ಒದ್ದೆ ಹತ್ತಿಯಿಂದ ಮೆಲ್ಲಗೆ ಒರೆಸಬೇಕು. ದೊಡ್ಡ ಅಳಿಲನ್ನು ಬರಿಗೈಯಲ್ಲಿ ಹಿಡಿಯಬೇಡಿ. ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಡಾಕ್ಟರಿಗೆ ತೋರಿಸಿ.

ಮೂರನೆಯದು, ಬಿಟ್ಟುಕೊಡುವುದು. ಇದೇ ಕಷ್ಟದ್ದು. ಉಳಿಸಿದ ಜೀವ ನನ್ನದು ಎಂಬ ಆಸೆ ಮೆಲ್ಲಗೆ ಒಳಗೆ ಬಂದು ಕೂರುತ್ತದೆ. ಪಂಜರ ತರೋಣ, ಹೆಸರಿಡೋಣ, ಸ್ಟೇಟಸ್‌ಗೆ ಹಾಕೋಣ ಎನ್ನಿಸುತ್ತದೆ. ಕರುಣೆಯ ಬಟ್ಟೆ ತೊಟ್ಟು ಬರುವ ತೃಷ್ಣೆ ಇದು.

ನಮ್ಮದು ತೆಂಗಿನ ಸೀಮೆ. ಬೇಸಿಗೆಯಲ್ಲಿ ಮರ ಹತ್ತಿ ಒಣಗರಿ ಇಳಿಸುವಾಗ ಸುಳಿಯ ಸಂದಿಯಲ್ಲಿ ನಾರು, ಹತ್ತಿ ಸೇರಿಸಿ ಕಟ್ಟಿದ ಗೂಡುಗಳು ಜೊತೆಗೇ ಉದುರುತ್ತವೆ. ಒಮ್ಮೆ ನಮ್ಮ ಶಾಲೆಯ ಪಕ್ಕದ ತೋಟದಲ್ಲಿ ಹೀಗೇ ಮೂರು ಮರಿ ಬಿದ್ದವು. ಹೆಬ್ಬೆರಳು ಗಾತ್ರ, ಕೂದಲಿಲ್ಲದ ಕೆಂಪು ಮೈ. ಕೂಡಲೇ ಸುತ್ತಲಿದ್ದವರು ಮರ ಹತ್ತಿದವನನ್ನು ಬೈಯಲು ಶುರು ಮಾಡಿದರು. ಅವನು ನಮ್ಮ ಕೇರಿಯವನೇ, ದಿನಗೂಲಿಗೆ ಜೀವ ಒತ್ತೆಯಿಟ್ಟು ಮರ ಹತ್ತುವವನು. ಬೈದವರಲ್ಲಿ ಒಬ್ಬರೂ ಅವನ ಸೊಂಟಕ್ಕೆ ಹಗ್ಗವಿದೆಯೇ ಎಂದು ಎಂದೂ ಕೇಳಿದವರಲ್ಲ. ಅವನು ಮಾತ್ರ ಸದ್ದಿಲ್ಲದೆ ಕೆಳಗಿಳಿದು, ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮರಿಗಳನ್ನು ಅದರಲ್ಲಿ ಸುತ್ತಿ, ಏಳನೇ ತರಗತಿಯ ಹುಡುಗಿಯೊಬ್ಬಳ ಕೈಯಲ್ಲಿ ನನಗೆ ಕಳಿಸಿದ.

ಒಂದು ಮರಿ ಆಗಲೇ ಸತ್ತಿತ್ತು. ಉಳಿದೆರಡನ್ನು ಬೆಚ್ಚಗೆ ಮಾಡಿ, ಡಬ್ಬವನ್ನು ಅದೇ ಮರಕ್ಕೆ ಕಟ್ಟಿಸಿದೆ. ಮಕ್ಕಳೆಲ್ಲ ತರಗತಿಯ ಕಿಟಕಿಯಿಂದ ನೋಡುತ್ತಾ ಕುಳಿತರು. ಅವತ್ತಿನ ವ್ಯಾಕರಣ ಪಾಠ ಯಾರ ಕಿವಿಗೂ ಬೀಳಲಿಲ್ಲ. ಒಂದು ಗಂಟೆಯ ಮೇಲೆ ತಾಯಿ ಬಂತು. ಮೂರು ಸಲ ಹತ್ತಿ ಇಳಿದು, ಬಾಲ ಕುಣಿಸಿ ಕೂಗಿ, ಕೊನೆಗೆ ಒಂದು ಮರಿಯನ್ನು ಕಚ್ಚಿಕೊಂಡು ಪಕ್ಕದ ಮರಕ್ಕೆ ಹೋಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದನ್ನೂ ಒಯ್ದಿತು. ಆ ಹುಡುಗಿ ಸಪ್ಪೆ ಮುಖ ಮಾಡಿ ಹೇಳಿದಳು: "ಮಿಸ್, ಅದು ನಮ್ಮ ಕಡೆ ತಿರುಗಿ ಕೂಡ ನೋಡ್ಲಿಲ್ಲ."

ಏಕೆ ನೋಡಬೇಕು ಎಂದು ನಾನು ಕೇಳಿದೆ. ಮರಿ ಅದರದ್ದು, ಮರ ಅದರದ್ದು. ಅದಕ್ಕೆ ಸೇರಬೇಕಾದ್ದು ಅದಕ್ಕೆ ಸೇರಿತು. ಹುಡುಗಿ ಸ್ವಲ್ಪ ಯೋಚಿಸಿ, "ಹಂಗಾದ್ರೆ ಸ್ಕಾಲರ್‌ಶಿಪ್ ಥರ" ಎಂದಳು. ನಾನು ಸುಮ್ಮನಾದೆ. ಸ್ಕಾಲರ್‌ಶಿಪ್ ಅರ್ಜಿ ಹಿಡಿದು ಕಚೇರಿಗೆ ಹೋದಾಗ, ತನ್ನ ಜೇಬಿನಿಂದ ಕೊಡುವವನ ಹಾಗೆ ಮಾತಾಡುವ ಗುಮಾಸ್ತರನ್ನು ಆ ಮಗು ಈಗಾಗಲೇ ನೋಡಿತ್ತು. ಹಕ್ಕಿನಿಂದ ಬಂದದ್ದಕ್ಕೂ ಕೈಮುಗಿಯಬೇಕಾದ ಅವಮಾನ ಅದಕ್ಕೆ ಗೊತ್ತಿತ್ತು. ನಾನು ಹೇಳಲು ಹೊರಟದ್ದನ್ನು ಅವಳೇ ಹೇಳಿಬಿಟ್ಟಳು.

ಬಾಣ ತಗುಲಿ ಬಿದ್ದ ಹಕ್ಕಿಯ ಕಥೆಯನ್ನು ಬಾಬಾಸಾಹೇಬರು ತಮ್ಮ ಗ್ರಂಥದಲ್ಲಿ ಬಾಲಕ ಸಿದ್ಧಾರ್ಥನ ಬದುಕಿನ ಭಾಗವಾಗಿ ಸೇರಿಸಿದ್ದಾರೆ. ಹೊಡೆದ ದೇವದತ್ತ ಹಕ್ಕಿ ನನ್ನದು ಎಂದ. ಬಾಣ ಕಿತ್ತು ಉಪಚರಿಸಿದ ಸಿದ್ಧಾರ್ಥ ಕೊಡಲಿಲ್ಲ. ತೀರ್ಪು ಕಾಪಾಡಿದವನ ಪರವಾಗಿ ಬಂತು. ಈ ಕಥೆಯನ್ನು ನಾವು ಹೆಚ್ಚಾಗಿ ಅಲ್ಲಿಗೇ ನಿಲ್ಲಿಸುತ್ತೇವೆ. ನಾನು ಮಕ್ಕಳಿಗೆ ಇನ್ನೊಂದು ಪ್ರಶ್ನೆ ಕೇಳುತ್ತೇನೆ: ಹಕ್ಕಿಯನ್ನೇ ಕೇಳಿದ್ದರೆ ಏನು ಹೇಳುತ್ತಿತ್ತು? ಇಬ್ಬರದ್ದೂ ಅಲ್ಲ, ನಾನು ಆಕಾಶದವನು ಎನ್ನುತ್ತಿತ್ತು. ಕಾಪಾಡಿದವನಿಗೆ ಹೊಡೆದವನಿಗಿಂತ ಹೆಚ್ಚಿನ ಹಕ್ಕಿದೆ, ನಿಜ. ಆದರೆ ರೆಕ್ಕೆ ವಾಸಿಯಾದ ದಿನ ಕೈ ಬಿಚ್ಚುವುದೊಂದೇ ಆ ಹಕ್ಕಿನ ಸರಿಯಾದ ಬಳಕೆ.

ನಮ್ಮ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. 1976ರ ತಿದ್ದುಪಡಿಯಲ್ಲಿ ಸೇರಿದ 51ಎ ವಿಧಿಯ 'ಜಿ' ಉಪವಿಧಿ ಎಲ್ಲ ಜೀವಿಗಳ ಮೇಲೆ ದಯೆ ಇರಬೇಕಾದದ್ದು ಪ್ರತಿ ನಾಗರಿಕನ ಕರ್ತವ್ಯ ಎಂದಿತು. ಮೊದಲನೆಯದು ಹಕ್ಕು, ಎರಡನೆಯದು ಕರ್ತವ್ಯ. ಎರಡನೆಯದನ್ನು ಹಿಡಿದು ಮೊದಲನೆಯದನ್ನು ಮರೆಸುವವರ ಬಗ್ಗೆ ಎಚ್ಚರವಿರಲಿ. ಮೊದಲನೆಯದಕ್ಕಾಗಿ ಹೋರಾಡುತ್ತಲೇ ಎರಡನೆಯದನ್ನೂ ನಡೆಸಿಕೊಂಡು ಹೋಗುವ ಜನ ನಾವಾಗೋಣ. ಆಗ ಪ್ರಾಣಿದಯೆ ಎಂಬ ಪದವನ್ನು ನಮ್ಮ ವಿರುದ್ಧ ಬಳಸಲು ಯಾರಿಗೂ ಆಗುವುದಿಲ್ಲ.

ಎಷ್ಟು ಮಾಡಿದರೂ ಕೆಲವು ಮರಿಗಳು ಸಾಯುತ್ತವೆ. ಅದೂ ಅನಿತ್ಯದ ಪಾಠವೇ. ಬೆಚ್ಚಗಿನ ಬಟ್ಟೆಯಲ್ಲಿ, ಭಯವಿಲ್ಲದೆ, ಒಂದು ಕೈಯ ಹತ್ತಿರ ಸತ್ತರೆ ಅಷ್ಟರಮಟ್ಟಿಗೆ ದುಃಖ ಕಡಿಮೆಯಾಯಿತು. ಧಮ್ಮ ನಮ್ಮಿಂದ ಕೇಳುವುದು ಅಷ್ಟನ್ನೇ: ಎದುರಿಗಿರುವ ದುಃಖವನ್ನು ಕೈಲಾದಷ್ಟು ಕಡಿಮೆ ಮಾಡು.

ಇಂದಿನ ಅಭ್ಯಾಸಕ್ಕೆ ಎರಡು ಚಿಕ್ಕ ಕೆಲಸ. ಮನೆಯಲ್ಲಿ ಚಾಟರಬಿಲ್ಲು ಹಿಡಿದ ಹುಡುಗನಿದ್ದರೆ ಗದರಿಸಬೇಡಿ, ಪಕ್ಕದಲ್ಲಿ ಕೂರಿಸಿಕೊಂಡು ಅಳಿಲು ಮರಿಗಳನ್ನು ಸಾಗಿಸುವ ರೀತಿ ಹೇಳಿ. ತೋಟದಲ್ಲಿ ಗರಿ ಇಳಿಸುವ ದಿನ, ಹತ್ತುವ ಅಣ್ಣನಿಗೆ ಮೊದಲು ಗಟ್ಟಿ ಹಗ್ಗ ಕೊಡಿ, ನೀರು ಕೊಡಿ. ಆಮೇಲೆ, "ಅಣ್ಣಾ, ಸುಳೀಲಿ ಗೂಡಿದ್ರೆ ಆ ಗರಿ ಒಂದ್ ತಿಂಗಳು ಬಿಟ್ಬಿಡು" ಎಂದು ಹೇಳಿ. ಈ ಎರಡು ಮಾತನ್ನು ಇದೇ ಕ್ರಮದಲ್ಲಿ ಹೇಳಿದರೆ ಸಾಕು.

ಎಲ್ಲ ಜೀವಿಗಳೂ ಸುಖವಾಗಿರಲಿ.

ನಮೋ ಬುದ್ಧಾಯ. ಜೈ ಭೀಮ್.